ಬಸುರಿ ಹೊಲದ ಗುಂಡಿ

ಕೃಷಿ ಪದವಿಯ ಕೊನೆಯ ವರ್ಷ ಹಾಸ್ಟೆಲಿನಲ್ಲಿ ಒಂದೇ ಮಾತು: ಮುಂದೇನು? ಒಬ್ಬಳು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಳು, ಇನ್ನೊಬ್ಬಳಿಗೆ ಬೀಜದ ಕಂಪನಿಯಲ್ಲಿ ಕೆಲಸ ಗೊತ್ತಾಗಿತ್ತು, ಉಳಿದವರೆಲ್ಲ ಕೃಷಿ ಅಧಿಕಾರಿಯ ಜೀಪಿನಲ್ಲಿ ಆಗಲೇ ಕೂತುಬಿಟ್ಟಿದ್ದರು. ನನಗೆ ಮಾತ್ರ ಮಣ್ಣಿನ ಹುಚ್ಚು. ಮಣ್ಣು ವಿಜ್ಞಾನದಲ್ಲಿ ಇನ್ನೆರಡು ವರ್ಷ ಓದುವ ಆಸೆ. ಅದಕ್ಕೆ ಅವ್ವ ಒಪ್ಪಬೇಕಿತ್ತು. ನಮ್ಮೂರು ಸವಡಿಯ ಮನೆಯಲ್ಲಿ ಅವ್ವನ ಮಾತನ್ನು ಅಪ್ಪ ಮೀರಿದ್ದನ್ನು ನಾನು ಕಂಡಿಲ್ಲ.

"ಮಣ್ಣಾಗ ಬೆಳದಾಕಿ ಮತ್ತ ಮಣ್ಣ ಓದತೀಯೇನ? ಓದಿದ್ದು ಸಾಕು. ನೌಕರಿ ಹಿಡಿ, ಲಗ್ನಾ ಮಾಡತೇವಿ" ಎಂದಿದ್ದಳು ಅವ್ವ. ಅಲ್ಲಿಗೆ ಮಾತು ಮುಗಿದಿತ್ತು.

ಆ ಚಳಿಗಾಲ ಓದಿನ ಭಾಗವಾಗಿ, ಬೆಳೆ ನಿಂತಿರುವ ಹೊಲದಲ್ಲೇ ಆಳದ ಗುಂಡಿ ತೆಗೆದು ಮಣ್ಣಿನ ಪದರ ನೋಡಬೇಕಿತ್ತು. ನಮ್ಮದೇ ಕಪ್ಪು ಎರೆಮಣ್ಣಿನ ಹೊಲ ಇದ್ದಾಗ ಬೇರೆಯವರದು ಯಾಕೆಂದು ಊರಿಗೆ ಬಂದೆ. ಎಳ್ಳ ಅಮಾವಾಸ್ಯೆ ಹತ್ತಿರವಿತ್ತು. ಜೋಳದ ತೆನೆ ಇನ್ನೂ ಎಲೆಯ ಮಡಿಲಲ್ಲೇ ಇತ್ತು. ನಮ್ಮ ಕಡೆ ಆಗ ಭೂಮಿತಾಯಿ ಬಸುರಿ. ಅಮಾವಾಸ್ಯೆಯ ದಿನ ಹೋಳಿಗೆ, ರೊಟ್ಟಿ, ಪಲ್ಯ ಕಲಸಿ ಹೊಲದ ತುಂಬ ಚರಗ ಚೆಲ್ಲುವುದು ಆಕೆಯ ಬಯಕೆ ತೀರಿಸಲಿಕ್ಕೆ. ಹುಟ್ಟಿದಾಗಿನಿಂದ ಚರಗದ ಊಟ ಉಂಡವಳು ನಾನು, ಗುದ್ದಲಿ ಎತ್ತಿದಾಗ ಅದೊಂದೂ ತಲೆಗೆ ಬರಲಿಲ್ಲ.

ಅವ್ವ ಸಾಲು ದಾಟಿಕೊಂಡು ಓಡಿಬಂದಳು. "ಬಸರಿ ಹೊಟ್ಟಿಗೆ ಗುದ್ದಲಿ ಹಾಕತೀಯೇನ? ಇದನ್ನ ಕಲಿಸ್ಯಾರೇನ ಅಲ್ಲಿ?"

ನನಗೂ ಸಿಟ್ಟು ಬಂತು. "ಹೊಟ್ಟಿ ಒಳಗ ನೋಡಬಾರದಂದ್ರ ಬಸರೇರಿಗೆ ಸ್ಕ್ಯಾನ್ ಯಾಕ ಮಾಡಸ್ತಾರ?"

ಪಕ್ಕದಲ್ಲಿದ್ದ ಅಪ್ಪ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದ. ಅವ್ವ ನನ್ನ ಕೈಯಿಂದ ಗುದ್ದಲಿ ಕಸಿದುಕೊಂಡಳು. ಕಡೆಗೆ, "ಚರಗಾ ಚೆಲ್ಲಿದ ಮ್ಯಾಲೆ ಬದುವಿನ ಕಡೆ ತಗಿ. ನಾನೂ ಇರತೀನಿ" ಎಂದಳು.

ಹಾಗೇ ಆಯಿತು. ಅಮಾವಾಸ್ಯೆಯ ಮರುದಿನ ಬದುವಿಗೆ ಹತ್ತಿದ ಸಾಲಿನ ಪಕ್ಕದಲ್ಲಿ ಅಪ್ಪ ಅಗೆದ. ದಾರಿಯಲ್ಲಿ ಹೋಗುವವರು ನಿಂತು "ನಿಧಿ ಸಿಕ್ಕತೇನ್ರಿ?" ಎಂದು ಕೇಳಿದರು. ಎದೆಮಟ್ಟ ಆದಾಗ ನಾನು ಇಳಿದು ಚಾಕುವಿನಿಂದ ಗೋಡೆ ಕೆರೆದೆ. ಪುಸ್ತಕದಲ್ಲಿ ಎಲ್ಲ ಓದಿದ್ದೆ, ಆದರೂ ಮೈ ಜುಮ್ಮೆಂದಿತು. ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವ ನಮ್ಮ ಎರೆ, ಒಳಗೊಳಗೇ ಹೆಂಟೆಯ ಮೇಲೆ ಹೆಂಟೆ ಜಾರಿ ಉಜ್ಜಿ ಕನ್ನಡಿಯಂತೆ ನುಣುಪಾಗಿತ್ತು. ಆ ನುಣುಪಿನ ಮೇಲೆ ನೂಲಿನಷ್ಟು ತೆಳ್ಳಗಿನ ಬಿಳಿ ಬೇರು, ಕೆಳಗೆ, ಇನ್ನೂ ಕೆಳಗೆ. ನನ್ನ ಪಾದದ ಹತ್ತಿರವೂ ಅದು ಮುಗಿದಿರಲಿಲ್ಲ. ಇಷ್ಟು ವರ್ಷ ಈ ಹೊಲದ ಮೇಲೆ ಓಡಾಡಿದ್ದೆ, ಹೊಲವನ್ನು ಕಂಡದ್ದು ಅಂದೇ.

ಅವ್ವ ಸೆರಗು ಸಿಕ್ಕಿಸಿ, ಅಪ್ಪನ ಕೈಹಿಡಿದು ಇಳಿದಳು. ತಳದ ಒಂದು ಹೆಂಟೆ ಮುರಿದು ಕೆನ್ನೆಗೆ ಒತ್ತಿಕೊಂಡಳು.

"ಮಳಿ ಹೋಗಿ ಎಷ್ಟ ದಿನಾ ಆತು! ಇನ್ನೂ ತಂಪ ಐತಲ್ಲ."

"ಇದನ್ನ ಕುಡದ ನಮ್ಮ ಜ್ವಾಳ ಬದುಕತೈತಿ ಅವ್ವಾ."

ಬೇರಿನ ಗುಂಟ ಬೆರಳಾಡಿಸುತ್ತ ಅವ್ವ ಕುಕ್ಕರಗಾಲಲ್ಲಿ ಕೂತಳು. ಅದು ಮಣ್ಣಿನೊಳಗೆ ಮರೆಯಾದ ಕಡೆ ಬೆರಳು ನಿಂತಿತು. ಇನ್ನೂ ಎಷ್ಟು ಕೆಳಗೆ ಹೋಗುತ್ತದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವ್ವ ತಲೆ ಎತ್ತದೆಯೇ ಕೇಳಿದಳು:

"ಇಷ್ಟೆಲ್ಲಾ ಓದಾಕ ಎರಡ ವರ್ಷ ಸಾಲತಾವೇನ?"