ಕಾಲು ಮಡಿಸಲು ಬಿಡದ ಈರವ್ವ

ಬೆಳಕು ಹರಿಯುವ ಹೊತ್ತು. ಹೆಬ್ಬಾಳದ ಆಸ್ಪತ್ರೆಯೊಂದರ ಹೃದಯದ ವಾರ್ಡಿನಲ್ಲಿ ತಾಲೀಮು ನಡೆದಿದೆ. ಹಾಸಿಗೆಯಲ್ಲಿ ರಾಜಾನುಕುಂಟೆಯ ಮುನಿಕೃಷ್ಣಮ್ಮ, ಎಪ್ಪತ್ತು ದಾಟಿದವರು, ಅಂಗಾತ ಮಲಗಿದ್ದಾರೆ. ಕಾಲ ಬಳಿ ಆಯಾ ಈರವ್ವ.

“ಅವ್ವಾ, ಈಗ ಕೆಮ್ಮರಿ. ಕೆಮ್ಮಿದ್ರೂ ಮಂಡಿ ಏಳಬಾರ್ದು... ನೋಡ್ರಿ, ಎದ್ದೇಬಿಡ್ತು!”

“ಅದು ನನ್ ಮಾತು ಎಲ್ಲಿ ಕೇಳ್ತದೆ ಕಣಮ್ಮಾ,” ಎಂದು ಅಜ್ಜಿ ನಗುತ್ತಾರೆ. ನಕ್ಕರೂ ಏದುಸಿರು.

ಅಜ್ಜಿಯ ಹೃದಯದ ಕವಾಟ ಗಟ್ಟಿಯಾಗಿ ಕಿರಿದಾಗಿದೆ. ಈಗ ಅದಕ್ಕೆ ಎದೆ ಸೀಳಬೇಕಾಗಿಲ್ಲ. ತೊಡೆಸಂದಿನ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಮಡಚಿಟ್ಟ ಹೊಸ ಕವಾಟವನ್ನು ಹೃದಯದವರೆಗೆ ಒಯ್ದು ಅಲ್ಲಿ ಬಿಚ್ಚುತ್ತಾರೆ. ತಕರಾರು ಒಂದೇ: ಆಮೇಲೆ ಸಂಜೆಯವರೆಗೂ ಆ ಕಾಲು ಮಡಿಸುವಂತಿಲ್ಲ. ಮಡಿಸಿದರೆ ಗಾಯ ಬಿಚ್ಚಿ ರಕ್ತ ಹರಿದೀತು. ಡಾಕ್ಟರ ಹೆಸರು ಊರಿಗೆಲ್ಲ ಗೊತ್ತು, ಸರಿಯೇ; ಅಷ್ಟು ಹೊತ್ತು ಕಾಲು ಕಾಯುವವರು ಯಾರೆಂದು ಯಾವ ಪುಣ್ಯಾತ್ಮ ಕೇಳಿದ್ದಾನೆ ಹೇಳಿ!

ಈರವ್ವನ ಊರು ಬಾದಾಮಿ ಕಡೆ. ಗಂಡ ಸಂಗಪ್ಪ ಪೀಣ್ಯದ ಕಾರ್ಖಾನೆ ಸೇರಿದಾಗ ಟಿ. ದಾಸರಹಳ್ಳಿಗೆ ಬಂದವರು. ಕೆಲಸದಲ್ಲಿ ಬೆನ್ನಿಗೆ ಪೆಟ್ಟಾಗಿ ಆತ ಹಾಸಿಗೆ ಹಿಡಿದ ಮೇಲೆ ಇವರು ಆಸ್ಪತ್ರೆಯ ಕೆಲಸಕ್ಕೆ ಸೇರಿದರು. “ಮಲಗಿದವ್ರ ಸಿಟ್ಟು ಹೆಂಗ ತಡಕೋಬೇಕಂತ ಮನಿಯಾಗ ಕಲ್ತು ಬಂದೀನ್ರಿ,” ಎನ್ನುತ್ತಾರೆ. ಕವಾಟದ ರೋಗಿಗಳು ವಾರಕ್ಕೆ ಇಬ್ಬರೋ ಮೂವರೋ. ಮಿಕ್ಕಂತೆ ಬೆಡ್‌ಪ್ಯಾನು, ಮೈ ಒರೆಸುವುದು, ಹಾಸಿಗೆ ಬದಲಿಸುವುದು.

“ಒಮ್ಮಿ ನಾ ಚಾ ತರಾಕ ಹೋದಾಗ ಯಜಮಾನ್ರೊಬ್ರು ಕಾಲು ಮಡಚಿಬಿಟ್ರು. ಹಾಸಿಗಿ ತುಂಬ ರಕ್ತ. ಅವರು ಉಳಿದ್ರು, ನನ್ನ ಜೀವ ಹೋಗಿತ್ತು. ಅವತ್ತಿಂದ ನಡುವ ಎದ್ದು ಹೋಗೂದಿಲ್ಲ.”

ಮಧ್ಯಾಹ್ನ. ಹೊಸ ಕವಾಟ ಸಲೀಸಾಗಿ ಕೂತಿದೆ, ಅಜ್ಜಿ ವಾರ್ಡಿಗೆ ಮರಳಿದ್ದಾರೆ. ನೋಡಲು ಬಿಡುವ ಸಮಯಕ್ಕೆ ಪರದೆ ಸರಿಸಿ ಒಳಬಂದವರು ಅಜ್ಜಿಯ ಗಂಡನ ಅಣ್ಣ ಆಂಜಿನಪ್ಪ. ದೇವರೇ! ಮದುವೆಯಾದಂದಿನಿಂದ ಈ ಭಾವನ ಎದುರು ಕೂತವರಲ್ಲ ಅಜ್ಜಿ, ಇನ್ನು ಕಾಲು ಚಾಚಿ ಮಲಗುವುದೆಲ್ಲಿ ಬಂತು?

“ಅಯ್ಯೋ, ಭಾವನೋರು!” ಕೈ ಸೆರಗಿಗೆ ಹೋಗುತ್ತದೆ, ಮಂಡಿ ಮೇಲೇಳುತ್ತದೆ. ಈರವ್ವನ ಅಂಗೈ ತಟ್ಟನೆ ಅದರ ಮೇಲೆ ಬೀಳುತ್ತದೆ.

“ಬಿಡಮ್ಮಾ, ಮರ್ವಾದೆ ಓಯ್ತದೆ!” ಅಜ್ಜಿ ಕೊಸರಾಡುತ್ತಾರೆ. ಎಷ್ಟು ಹೊತ್ತು ಒತ್ತಿ ಹಿಡಿಯಲಾದೀತು? ಈರವ್ವ ಅಜ್ಜಿಯ ಜೊತೆ ವಾದಕ್ಕಿಳಿಯದೆ ಆಂಜಿನಪ್ಪನತ್ತ ತಿರುಗುತ್ತಾರೆ.

“ಯಜಮಾನ್ರ, ನೀವು ಹೇಳಿದ್ರಷ್ಟ ಕೇಳ್ತಾರ. ಮಲಕೋ ಅನ್ರಿ.”

ಆಂಜಿನಪ್ಪ ಪೇಚಿಗೆ ಬೀಳುತ್ತಾರೆ. ತಮ್ಮನ ಹೆಂಡತಿಯನ್ನು ನೇರವಾಗಿ ಮಾತಾಡಿಸಿದ ರೂಢಿಯೇ ಇಲ್ಲ. ಗೋಡೆ ನೋಡುತ್ತ, “ಆಯಮ್ಮಂಗೆ ಮಲ್ಕೊಳಾಕೆ ಹೇಳಿ,” ಎನ್ನುತ್ತಾರೆ.

“ಗ್ವಾಡಿಗಿ ಅಲ್ರಿ, ಅವರಿಗೆ ಹೇಳ್ರಿ! ರಕ್ತ ಬಂದ್ರ ಹೋಗೂದು ಅವರ ಜೀವ.”

ಮುದುಕರು ಗೋಡೆ ಬಿಟ್ಟು ಅಜ್ಜಿಯತ್ತ ತಿರುಗುತ್ತಾರೆ. “ಮಲ್ಕೊ ಮುನಿಕೃಷ್ಣಮ್ಮ. ನೀನು ಬದುಕಿದ್ರೆ ಅದೇ ನಂಗೆ ಮರ್ವಾದೆ.”

ಮಂಡಿ ಮೆಲ್ಲಗೆ ಕೆಳಗಿಳಿಯುತ್ತದೆ. ಅಜ್ಜಿಯ ಕಣ್ಣಲ್ಲಿ ನೀರು.

ಮರುದಿನ ಮನೆಗೆ ಹೊರಟ ಅಜ್ಜಿ ಏದುಸಿರಿಲ್ಲದೆ ಲಿಫ್ಟಿನವರೆಗೂ ನಡೆದು ಹೋಗುತ್ತಾರೆ. ಈರವ್ವ ಖಾಲಿ ಹಾಸಿಗೆಗೆ ಹೊಸ ಮೇಲುಹಾಸು ಹಾಕುತ್ತಿದ್ದಾರೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ಸ್ವಲ್ಪ ನಾಚುತ್ತಾರೆ.

“ಎಲ್ಲಾರನೂ ಕಾಲು ಚಾಚಿ ಮಲಗಿದ್ದಷ್ಟ ನೋಡೀನ್ರಿ. ಒಬ್ರಾದ್ರೂ ತಮ್ಮ ಮನಿಯಾಗ ಚಕ್ಕಳಮಕ್ಕಳ ಹಾಕಿ ಕುಂತು ಉಣ್ಣೂದು ನೋಡಬೇಕ್ರಿ.”