ಭೂಮಿಯ ತಾಟುಗಳು

ಬಿತ್ತುವ ಜೋಳಕ್ಕೆ ಬೂದಿ ಹಚ್ಚಿ ಇಡುತ್ತಾರಲ್ಲ, ಹುಳ ಹಿಡಿಯದಿರಲಿ ಅಂತ, ಹಾಗೆ ನಾನು ಒಬ್ಬರ ಮೇಲಿನ ಸಿಟ್ಟನ್ನು ಬಹಳ ವರ್ಷ ಜತನವಾಗಿ ಇಟ್ಟಿದ್ದೆ. ಅವರು ಶಹಾಪುರದಲ್ಲಿ ನನಗೆ ಬಿ.ಎ. ಭೂಗೋಳ ಹೇಳಿದ ಸರ್. ಕ್ಷಮಿಸಿಬಿಡು ಎಂದವರು ಬಹಳ ಜನ. ಕ್ಷಮಿಸಲಿಲ್ಲ.

ಭೂಮಿಯ ಒಳಗನ್ನು ನಾನು ಕಾಲೇಜಿಗಿಂತ ಮೊದಲೇ ನೋಡಿದ್ದೆ. ದೋರನಹಳ್ಳಿ ಕಡೆ ಕಾಲುವೆ ಕಡಿಯುವಾಗ ಅವ್ವ ಮಣ್ಣಿನ ಬುಟ್ಟಿ ಹೊರುತ್ತಿದ್ದಳು. ಕಡಿದ ಗೋಡೆಯಲ್ಲಿ ಮೇಲೆ ಕಪ್ಪು ಎರೆಮಣ್ಣು, ಅದರ ಕೆಳಗೆ ಬಿಳಿಚಿಕೊಂಡ ಗರಸು ಮಣ್ಣು, ಇನ್ನೂ ಕೆಳಗೆ ಮದ್ದು ಇಟ್ಟರೂ ಸುಲಭಕ್ಕೆ ಸಿಡಿಯದ ಬಂಡೆ.

"ಇದರ ಕೆಳಗ ಏನದ ಅವ್ವಾ?"

"ಮತ್ತ ಕಲ್ಲು. ಅದರ ಕೆಳಗ ನಮ್ಮ ಹಣಿಬರ. ಅಡ್ಡ ನಿಂದ್ರಬ್ಯಾಡ, ಸರಿ."

ಆ ಕಾಲುವೆಗೆ ನೀರು ಬರುವ ಹೊತ್ತಿಗೆ ನಾನು ಕಾಲೇಜು ಸೇರಿದ್ದೆ. ನಮ್ಮ ಕೇರಿಯಿಂದ ಆ ಬಾಗಿಲು ದಾಟಿದವಳು ನಾನೇ ಮೊದಲು.

ಸರ್ ನೋಟ್ಸ್ ಬರೆಸುತ್ತಿದ್ದರು, ಬಿಡಿಸಿ ಹೇಳುತ್ತಿರಲಿಲ್ಲ. "ಕ್ರಸ್ಟ್ ತಣ್ಣಗಿರತದ, ಮ್ಯಾಂಟಲ್ ಬಿಸಿ ಇರತದ, ಪ್ಲೇಟ್ ಸರೀತಾವ, ಬರಕೋರಿ." ನನಗೆ ಗೊತ್ತಿದ್ದ ಪ್ಲೇಟು ಒಂದೇ: ಬಸ್‌ಸ್ಟ್ಯಾಂಡಿನ ಮುಂದೆ ಮಿರ್ಚಿ ಭಜಿ ಕೊಡುವುದು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವಳು ನಾನು, ಅದನ್ನೂ ಕನ್ನಡ ಮಾಡಿದೆ; ಉಣ್ಣುವ ತಟ್ಟೆಗೆ ನಮ್ಮ ಕಡೆ ತಾಟು ಎನ್ನುತ್ತಾರೆ. "ಭೂಮಿಯ ಮೇಲ್ಭಾಗ ಒಂದೇ ತುಂಡಲ್ಲ. ಅದು ದೊಡ್ಡ ದೊಡ್ಡ ತಾಟುಗಳಾಗಿ ಒಡೆದಿದೆ. ತಾಟುಗಳು ಒಂದಕ್ಕೊಂದು ತಿಕ್ಕಾಡಿದಾಗ ಭೂಕಂಪ ಆಗುತ್ತದೆ."

ಸರ್ ಆ ಉತ್ತರವನ್ನು ಇಡೀ ಕ್ಲಾಸಿಗೆ ಓದಿದರು.

"ಏ ಹುಡುಗಿ, ಭೂಮಿ ತುಂಬಾ ತಾಟ್ ಹಾಕ್ಯಾರೇನು? ಯಾರ ಮದಿವಿ ಅದ?"

ಹುಡುಗರು ಬೆಂಚು ಬಡಿದು ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಅವರು ಬಿಡಲಿಲ್ಲ.

"ಮಂದಿ ತಾಟ್ ತಿಕ್ಕೋ ಮನ್ಯಾಗಿಂದ ಬಂದ್ರ, ಭೂಮ್ಯಾಗೂ ತಾಟೇ ಕಾಣ್ತಾವ."

ಅವತ್ತಿನಿಂದ ಡಿಗ್ರಿ ಮುಗಿಯುವವರೆಗೆ ನನ್ನ ಹೆಸರು "ತಾಟು". ಹಾಜರಿ ಕೂಗುವಾಗಲೂ ಅದೇ.

ಪುಸ್ತಕದ ಮಾತು "ಫಲಕ" ಎಂದು ಆಮೇಲೆ ತಿಳಿಯಿತು. ಎಂ.ಎ. ಮಾಡಿದೆ. ಸುರಪುರದ ಒಂದು ಕಾಲೇಜಿನಲ್ಲಿ ಅದೇ ಭೂಗೋಳ ಹೇಳುವ ಕೆಲಸ ಸಿಕ್ಕಿತು. ಈ ಪಾಠ ಬಂದ ದಿನ ಬೋರ್ಡಿನ ಮೇಲೆ "ಫಲಕ" ಎಂದು ಬರೆದು, ಅದರ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ "ತಾಟು" ಎಂದು ಬರೆದೆ. ಭೂಮಿಯ ಮೇಲಿನ ತೊಗಟೆ ಮತ್ತು ಅದಕ್ಕೆ ಅಂಟಿದ ಗಟ್ಟಿ ಕಲ್ಲು ಸೇರಿ ಒಂದು ತಾಟು ಎಂದೆ. ಅದರ ಕೆಳಗಿನ ಕಲ್ಲು ಕರಗಿದ ನೀರಲ್ಲ, ರಸ್ತೆ ಬದಿಯ ಡ್ರಮ್ಮಿನ ಡಾಂಬರಿನಂಥದು: ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ, ಡ್ರಮ್ಮು ಉರುಳಿಸಿ ಬಿಟ್ಟರೆ ಮೆಲ್ಲಗೆ ಹರಿಯುತ್ತದೆ.

"ಹಂಗಾದ್ರ ನಾವು ಡಾಂಬರ ಮ್ಯಾಲ ತಾಟಿನ್ಯಾಗ ಕುಂತೀವೇನ್ರಿ ಮೇಡಂ?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಕುಂತೀವಿ. ನಮ್ಮ ತಾಟು ಉಗುರು ಬೆಳದಷ್ಟು ನಿಧಾನ ಉತ್ತರಕ್ಕ ಸರಿಯಾಕತ್ತದ. ಆ ಕಡಿ ಏಷ್ಯಾದ ತಾಟಿಗೆ ಗುದ್ದಿ ಹಿಮಾಲಯ ಎದ್ದದ."

"ನಾವು ಗುದ್ದೀವಂದ್ರ ಎದ್ದೇ ಏಳತದ ಬಿಡ್ರಿ!"

ಪರೀಕ್ಷೆಯಲ್ಲೂ ಎರಡೂ ಪದ ಬರೆಯಿರಿ ಎಂದೆ. ಬೇಕೆಂದೇ ಹೇಳಿದೆ. ವಿಶ್ವವಿದ್ಯಾಲಯದ ಉತ್ತರ ಪತ್ರಿಕೆ ತಿದ್ದಲು ಆ ಸರ್ ಪ್ರತಿ ವರ್ಷ ಬರುತ್ತಿದ್ದರು. ತಾಟು ಎಂಬ ಮಾತನ್ನು ಅವರು ಕಣ್ಣು ಉರಿಯುವವರೆಗೆ ಓದಲಿ ಎಂಬುದೇ ನನ್ನ ಆಸೆ.

ಮೌಲ್ಯಮಾಪನದಲ್ಲಿ ಅವರ ಹಿಂದಿನ ಟೇಬಲ್ಲೇ ನನಗೆ ಸಿಕ್ಕಿತು. ಸುರಪುರದ ಬಂಡಲ್ ಅವರ ಕೈಗೆ ಬಂದಿತ್ತು.

"ಇದರಾಗೂ ತಾಟು! ಏನ್ ಭೂಗೋಳ ಬರದಾರೋ, ಖಾನಾವಳಿ ಬರದಾರೋ!"

ಕೆಂಪು ಪೆನ್ನು ಸರ್ರನೆ ಎಳೆದ ಸದ್ದು. ಬಗ್ಗಿ ನೋಡಿದೆ: ಇಡೀ ಪ್ರಶ್ನೆಗೆ ಸೊನ್ನೆ. ಅದರ ಹಿಂದಿನ ಪತ್ರಿಕೆಗೂ ಸೊನ್ನೆ. ಅದು ದೊಡ್ಡ ಅಂಕದ ಪ್ರಶ್ನೆ; ಅದು ಹೋದರೆ ನನ್ನ ಅರ್ಧ ಕ್ಲಾಸು ಫೇಲು. ಫೇಲಾದ ಹುಡುಗಿಯರನ್ನು ಮನೆಯವರು ಮತ್ತೆ ಕಾಲೇಜಿಗೆ ಕಳಿಸುವುದಿಲ್ಲ, ವರ ನೋಡುತ್ತಾರೆ. ಎದ್ದು ಹೋದೆ.

"ಸರ್, ಇದಕ್ಕ ಸೊನ್ನಿ ಯಾಕ ಹಾಕೀರಿ?"

ಕನ್ನಡಕದ ಮೇಲಿಂದ ನೋಡಿದರು. ಗುರುತು ಹತ್ತಿತು. "ತಾಟು! ಇವರಿಗೆ ಇದನ್ನ ಕಲಿಸಿದಾಕಿ ನೀನೇ ಏನು?"

"ನಾನೇ ರೀ. ತಪ್ಪೇನದ ಹೇಳ್ರಿ."

"ಶಾಸ್ತ್ರದ ಮಾತು ಫಲಕ. ತಾಟು ಉಣ್ಣೋ ಸಾಮಾನು."

"ಇಂಗ್ಲಿಷಿನ್ಯಾಗ ಏನಂತಾರ್ರಿ?"

"ಪ್ಲೇಟ್."

"ಇಂಗ್ಲಿಷ್ ಮಂದಿ ಉಣ್ಣೋದು ಯಾದರಾಗ್ರಿ ಸರ್?"

ಮುಖ್ಯ ಪರೀಕ್ಷಕರೇ ಆಚೆ ಟೇಬಲ್ಲಿನಿಂದ, "ಪ್ಲೇಟಿನ್ಯಾಗೇ ಉಣ್ತಾರ್ರೀ, ಮತ್ತ್ಯಾದರಾಗ?" ಎಂದರು. ಕೋಣೆ ತುಂಬ ನಗೆ.

ನನಗೆ ನಗೆ ಬರಲಿಲ್ಲ. "ಅವರು ಉಣ್ಣೋದರ ಹೆಸರು ಭೂಮಿಗಿಟ್ರ ಶಾಸ್ತ್ರ. ನಾವು ಉಣ್ಣೋದರ ಹೆಸರಿಟ್ರ ಸೊನ್ನಿ. ಇದು ಯಾವ ನ್ಯಾಯ ರೀ?"

ಮುಖ್ಯ ಪರೀಕ್ಷಕರು ಒಂದು ಪತ್ರಿಕೆ ತೆಗೆದು ಪೂರ್ತಿ ಓದಿದರು. ಭೂಮಿಯ ನಡುವೆ ಕಬ್ಬಿಣದ ಗರ್ಭ, ಅದರ ಹೊರಭಾಗ ಕರಗಿದ್ದು, ಒಳಭಾಗ ಗಟ್ಟಿ. ಸುತ್ತ ಬಿಸಿ ಕಲ್ಲಿನ ದಪ್ಪ ಪದರ. ಮೇಲೆ ಸರಿಯುವ ಫಲಕ ಅಥವಾ ತಾಟು. "ಎಲ್ಲಾ ಬರೋಬ್ಬರಿ ಅದಲ್ರೀ ಸರ್. ಅಂಕ ಹಾಕ್ರಿ. ಹಿಂದಿನವೂ ತೆಗೀರಿ."

ಒಂದೊಂದೇ ಸೊನ್ನೆ ಹೊಡೆದುಹಾಕಿ, ಹೊಸ ಅಂಕ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು, ನಿಯಮ ಹಾಗಿತ್ತು. ನಾನು ಪಕ್ಕದಲ್ಲೇ ನಿಂತೆ. ಉಳಿದವರೆಲ್ಲ ಊಟಕ್ಕೆ ಎದ್ದರು. ಸರ್ ಪೆನ್ನಿನ ಟೋಪಿ ಮುಚ್ಚಿದರು.

"ಊಟ ಮುಗಿಸಿ ಬರ್ತೀನಿ... ಮೇಡಂ," ಎಂದರು.

"ಬಂಡಲ್ ಮುಗಿಸ್ರಿ ಸರ್. ಆಮ್ಯಾಲ ಉಣ್ಣಾಕ ಹೋಗ್ರಿ."

ಮುಗಿಸಿದರು. ಅಷ್ಟರಲ್ಲಿ ಕ್ಯಾಂಟೀನು ಮುಚ್ಚಿತ್ತು. ಆ ವರ್ಷ ಭೂಗೋಳದಲ್ಲಿ ನನ್ನ ಹುಡುಗಿಯರು ಯಾರೂ ಫೇಲಾಗಲಿಲ್ಲ.