ಇಸ್ಪೀಟಿಗಾಗಿ ದೇಶ ಬಿಟ್ಟ ದಿನ

ಜನವರಿಯ ಒಂದು ಗುರುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ನಮ್ಮ ಮನೆಯಿಂದ ಜಾರ್ಜಿಯಾ ದೇಶಕ್ಕೆ ಹೊರಟೆ. ವಿಮಾನ ಮರುದಿನ ಚೆನ್ನೈಯಿಂದ. ಬೆಂಗಳೂರಿನದಕ್ಕಿಂತ ಆ ಟಿಕೆಟ್ ಅಗ್ಗವಿತ್ತು. ಚೆನ್ನೈ ರೈಲು ಸಂಜೆ ನಾಲ್ಕರ ಸುಮಾರಿಗೆ ಬಂಗಾರಪೇಟೆಗೆ ಬರುತ್ತಿತ್ತು. ನಮ್ಮ ಮನೆಯಿಂದ ಬಂಗಾರಪೇಟೆಗೆ ಎಷ್ಟು ಎಳೆದರೂ ಒಂದು ಗಂಟೆಯ ದಾರಿ. ನನಗೆ ಅದಕ್ಕೆ ಇಡೀ ದಿನ ಹಿಡಿಯಿತು. ಈಗ ಎಲ್ಲರೂ ವಿಮಾನ ಹೇಗಿತ್ತು, ಹಿಮ ಹೇಗಿದೆ ಎಂದು ಕೇಳುತ್ತಾರೆ. ವಿಮಾನದಲ್ಲಿ ನಾನು ನಿದ್ದೆ ಮಾಡಿದೆ. ಬರೆಯುವಂಥದ್ದು ನಡೆದದ್ದೆಲ್ಲ ಈ ಬದಿಯಲ್ಲೇ.

ನನ್ನ ಕೆಲಸ ಇಸ್ಪೀಟ್ ಆಡುವುದು. ಪೋಕರ್ ಎಂಬ ಆಟ, ಕಂಪ್ಯೂಟರ್ ಮುಂದೆ ಕೂತು, ದುಡ್ಡು ಕಟ್ಟಿ. ನಾಲ್ಕು ವರ್ಷ ಅದರಲ್ಲೇ ಬದುಕಿದೆ, ತೆರಿಗೆಯನ್ನೂ ತಪ್ಪದೆ ಕಟ್ಟಿದೆ. ಹೋದ ವರ್ಷ ಕಾನೂನು ಬಂತು, ದುಡ್ಡಿನ ಆಟಗಳೆಲ್ಲ ಒಂದೇ ವಾರದಲ್ಲಿ ಬಾಗಿಲು ಹಾಕಿಕೊಂಡವು. ಜೊತೆಯ ಆಟಗಾರರು ಕೆಲವರು ಕಳ್ಳದಾರಿ ಹಿಡಿದು ಹೊರದೇಶದ ಸೈಟುಗಳಲ್ಲಿ ಆಡುತ್ತಿದ್ದಾರೆ. ನನ್ನನ್ನೂ ಕರೆದರು. ನನಗದು ಆಗಲಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಆಡಿದವಳು ನಾನು; ಕದ್ದು ಆಡುವುದಾದರೆ ಅಪ್ಪ ಇಷ್ಟು ವರ್ಷ ಬೈದದ್ದೆಲ್ಲ ನಿಜ ಮಾಡಿಕೊಟ್ಟ ಹಾಗಾಗುತ್ತಿತ್ತು. ಜಾರ್ಜಿಯಾದಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ, ಮನೆ ಬಾಡಿಗೆಯೂ ತಾಳುತ್ತದೆ. ವೀಸಾ ಬಂತು, ಟಿಕೆಟ್ ಬಂತು. ಅಪ್ಪನ ಬಾಯಿಂದ ಒಂದು ಮಾತು ಮಾತ್ರ ಬರಲಿಲ್ಲ.

ನಮ್ಮಪ್ಪ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿದ್ದು ನಿವೃತ್ತರಾದವರು. ಅವರ ಸೆಕ್ಷನ್ನಿನ ಗೆಳೆಯರೊಬ್ಬರು ಮಟಕಾ ಚೀಟಿಗೆ ಪಿಎಫ್ ಪೂರ್ತಿ ಸುರಿದು ಮನೆಮಂದಿಯನ್ನು ಬೀದಿಗೆ ತಂದಿದ್ದರು. ಅಂದಿನಿಂದ ಅಪ್ಪನಿಗೆ ಇಸ್ಪೀಟ್ ಎಲೆ ಕಂಡರೂ ಮೈ ಉರಿಯುತ್ತದೆ. ನಾನು ಜಾರ್ಜಿಯಾ ಎಂದ ದಿನದಿಂದ ಮಾತು ಬಿಟ್ಟಿದ್ದರು. ಹೊರಡುವ ಎರಡು ದಿನ ಮೊದಲು ಒಂದು ಕೈಚೀಲ ಹಿಡಿದು ಬೇತಮಂಗಲದಲ್ಲಿರುವ ತಮ್ಮ ತಂಗಿಯ ಮನೆಗೆ ಹೊರಟೇಹೋದರು. ಮುಖ ನೋಡಬೇಕಾಗುತ್ತದಲ್ಲ ಎಂದು ತಪ್ಪಿಸಿಕೊಂಡರು ಅಂದುಕೊಂಡೆ. ನನಗೂ ಕೋಪ ಮೂಗಿನ ತುದಿಯಲ್ಲೇ. ಆದರೆ ನಿಜ ಹೇಳುತ್ತೇನೆ, ಇಪ್ಪತ್ತೊಂಬತ್ತು ವರ್ಷದ ಹೆಂಗಸಾದರೂ, ಅಪ್ಪ ಬಾಯಿಬಿಟ್ಟು ಬೇಡ ಅಂದರೆ ಹೋಗುವ ಧೈರ್ಯ ನನಗಿರಲಿಲ್ಲ. ಹೇಳದೆ ಹೋಗುವುದಕ್ಕೂ ಮನಸ್ಸಿರಲಿಲ್ಲ.

"ಓಗಿ ಕೇಳ್ಕೊಂಡು ಬಾ. ನಾನು ಸೂಟ್‌ಕೇಸ್ ಎತ್ಕೊಂಡು ರೈಲಲ್ಲಿ ಸೀದಾ ಬಂಗಾರಪೇಟೆಗೆ ಬತ್ತೀನಿ," ಎಂದಳು ಅಮ್ಮ. ಅಮ್ಮ ಯಾವುದಕ್ಕೂ ಗಾಬರಿಯಾಗುವವಳಲ್ಲ.

ಆಟೋ ಹತ್ತುವಾಗ ಎದುರುಮನೆಯ ಸೆಲ್ವಿ ಅಕ್ಕ ಓಡಿಬಂದರು. ಅವರ ಯಜಮಾನರು ಗಣಿಯಲ್ಲಿ ದುಡಿದವರು. ಕೆಜಿಎಫ್‌ನಿಂದ ಜಾರ್ಜಿಯಾಕ್ಕೆ ಹೋಗುವವರೆಂದರೆ ಡಾಕ್ಟರ್ ಓದುವವರು ಎಂದೇ ನಮ್ಮ ಬೀದಿಯ ಲೆಕ್ಕ. ಅಕ್ಕ ಮೊಣಕಾಲಿನ ಎಕ್ಸರೇ ಹಿಡಿದುಕೊಂಡೇ ಬಂದಿದ್ದರು.

"ಸುಮಾ, ಇದು ಒಂದ್ಸಲ ಪಾರು ಮಾ, ನೋಡು. ಅಲ್ಲಿ ದೊಡ್ಡ ಡಾಕ್ಟರಿಗೆ ತೋರ್ಸು."

"ಅಕ್ಕಾ, ನಾನು ಹೋಗ್ತಿರೋದು ಇಸ್ಪೀಟ್ ಆಡೋಕೆ."

ಅಕ್ಕ ನನ್ನನ್ನೂ ಎಕ್ಸರೇಯನ್ನೂ ಒಂದು ಸಲ ನೋಡಿದರು. "ಅಯ್ಯೋ ಕಡವುಳೇ! ಅದಕ್ಕೂ ವೀಸಾ ಕೊಡ್ತಾರಾ?" ಎಂದರು. ಆಮೇಲೆ ಜೋರಾಗಿ ನಕ್ಕು, ಚಕ್ಕುಲಿಯಂಥ ಮುರುಕಿನ ಪೊಟ್ಟಣವೊಂದನ್ನು ಮಡಿಲಿಗೆ ಹಾಕಿ, "ಗೆದ್ದುಕೊಂಡು ಬಾ," ಎಂದು ಕೆನ್ನೆ ಸವರಿದರು. ಎಷ್ಟೋ ದಿನದಿಂದ ಮುಚ್ಚಿಟ್ಟದ್ದನ್ನು ಬೀದಿಯಲ್ಲಿ ಹೇಳಿಬಿಟ್ಟಿದ್ದೆ, ಆಕಾಶವೇನೂ ಕಳಚಿ ಬೀಳಲಿಲ್ಲ. ಅರ್ಧ ಹಗುರಾದೆ.

ಆಟೋ ಚಾಂಪಿಯನ್ ರೀಫ್ಸ್ ದಾಟಿ ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣಕ್ಕೆ ಬಂತು, ಎಂಬತ್ತು ರೂಪಾಯಿ. ಚಳಿ ಬಿಟ್ಟಿರಲಿಲ್ಲ, ಗಣಿಯ ಹಳೆಯ ಸಾಲುಮನೆಗಳ ಮುಂದೆ ಜನ ಬಿಸಿಲು ಕಾಯುತ್ತ ಕೂತಿದ್ದರು. ಬೇತಮಂಗಲದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕೇಳಿದರು. ಅದು ಸೂಟ್‌ಕೇಸಿನಲ್ಲಿ ಅಮ್ಮನ ಹತ್ತಿರ ಉಳಿದಿತ್ತು. ಕೈಯಲ್ಲಿದ್ದದ್ದು ಪಾಸ್‌ಪೋರ್ಟ್. ಅದನ್ನೇ ಕೊಟ್ಟೆ.

"ಬೇತಮಂಗಲಕ್ಕೆ ಪಾಸ್‌ಪೋರ್ಟಾ ಮೇಡಂ?" ಎಂದು ಅವರು ಹಾಳೆ ತಿರುವಿದರು, ವೀಸಾ ನೋಡಿದರು, ಕೊನೆಯ ಪುಟದಲ್ಲಿ ನಮ್ಮ ವಿಳಾಸ ಓದಿದರು. "ನಮ್ ಕಡೆಯೋರೇ," ಎಂದು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ದೇಶ ಬಿಡುವ ದಿನ ಸರ್ಕಾರವೇ ಪುಕ್ಕಟೆಯಾಗಿ ಸಾಗಹಾಕುತ್ತಿದೆಯಲ್ಲ ಎಂದು ನಗು ಬಂತು.

ಅರ್ಧ ಗಂಟೆಯಲ್ಲಿ ಬೇತಮಂಗಲ. ಕೆರೆಯಲ್ಲಿ ನೀರು ಚೆನ್ನಾಗಿತ್ತು. ಅತ್ತೆಯ ಮನೆ ಬಸ್ ನಿಲ್ಲುವಲ್ಲಿಂದ ಹತ್ತು ನಿಮಿಷದ ನಡಿಗೆ, ಟೊಮೆಟೊ ಮತ್ತು ಹಿಪ್ಪುನೇರಳೆ ತೋಟಗಳ ನಡುವೆ. ಅವರೆಕಾಯಿ ಕಾಲ. ಅತ್ತೆ ಜಗುಲಿಯಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿಚುಕಿ ಸಿಪ್ಪೆ ಬಿಡಿಸುತ್ತಿದ್ದರು. ಪಕ್ಕದಲ್ಲಿ ಅಪ್ಪ. ಕನ್ನಡಕ ಮೂಗಿನ ಮೇಲೆ, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲ್, ಮುಂದೆ ಹರಡಿಕೊಂಡಿದ್ದು ನನ್ನ ಆಟದ ನೋಟ್‌ಬುಕ್‌ಗಳು. ಏಳೂ ಇದ್ದವು; ಅವು ಸೂಟ್‌ಕೇಸಿನ ತಳದಲ್ಲಿವೆ ಎಂದೇ ನಾನು ನಂಬಿದ್ದೆ.

ಆ ಪುಸ್ತಕಗಳಲ್ಲಿ ನಾಲ್ಕು ವರ್ಷದ ನನ್ನ ತಲೆಯೇ ಇದೆ. ಕಷ್ಟದ ಆಟ ಬಂದಾಗಲೆಲ್ಲ ನನ್ನ ಕೈಯಲ್ಲಿ ಯಾವ ಎಲೆ ಇತ್ತು, ಎದುರಿನವನು ಏನು ಮಾಡಿದ, ನಾನೇನು ಮಾಡಿದೆ, ಯಾಕೆ, ಅದು ಸರಿಯೋ ತಪ್ಪೋ ಎಂದು ಬರೆದಿಡುತ್ತೇನೆ. ಅವನ್ನು ಯಾರಿಗೂ ತೋರಿಸಿದವಳಲ್ಲ.

"ಕೇಳದೆ ಯಾಕೆ ಎತ್ಕೊಂಡು ಬಂದೆ ಅಪ್ಪಾ? ನಾನು ಇದಿಲ್ಲದೆ ಹೊರಟುಹೋಗ್ತಿದ್ದೆ!"

ಅಪ್ಪ ಪುಟ ತಿರುವಿದರು. ಅತ್ತೆ ಅವರೆಕಾಳಿನ ಪಾತ್ರೆಯನ್ನು ನನ್ನ ಕಡೆ ದೂಕಿದರು. "ಮೊದ್ಲು ಕೂತ್ಕೊಳಮ್ಮಿ. ಎಲ್ಡು ದಿನದಿಂದ ಇದೇ ಓದ್ತಾ ಕೂತವ್ನೆ. ಉಣ್ಣೋಕೂ ನಾನೇ ಕರೀಬೇಕು. ಕಾಳು ಹಿಚುಕ್ತಾ ಜಗಳ ಆಡ್ರಿ, ಕೆಲ್ಸನೂ ಆಗ್ತದೆ."

ಕೂತೆ. ಕಾಳಿನ ಮೇಲೆ ಕೋಪ ತೀರಿಸಿಕೊಂಡೆ. ಕಿಟಕಿಯ ತನಕ ಹಾರಿದವು ಕೆಲವು.

ಪುಸ್ತಕಗಳನ್ನು ಬಗ್ಗಿ ನೋಡಿದೆ. ಎಲ್ಲ ಪುಟಕ್ಕೂ ಗುರುತಿರಲಿಲ್ಲ. ಪ್ರತಿ ಏಳನೆಯ ಪುಟಕ್ಕೆ ಮಾತ್ರ ಕೆಂಪು ಗೆರೆ. ನನಗೆ ತಕ್ಷಣ ಅರ್ಥವಾಯಿತು. ಕಾರ್ಖಾನೆಯಲ್ಲಿ ಸಾವಿರ ಪೀಸು ಬಂದರೆ ಸಾವಿರವನ್ನೂ ಅಳೆಯುವುದಿಲ್ಲ. ನಡುನಡುವೆ ಒಂದೊಂದನ್ನು ಎತ್ತಿ ಅಳೆದು ಇಡೀ ಲಾಟನ್ನು ತೂಗುತ್ತಾರೆ. ಚಿಕ್ಕಂದಿನಿಂದ ಊಟದ ಹೊತ್ತಿಗೆ ಕೇಳಿ ಕೇಳಿ ನನಗೂ ಅದು ಬಾಯಿಪಾಠ. ಅಪ್ಪ ತಪ್ಪಿಸಿಕೊಂಡು ಬಂದಿರಲಿಲ್ಲ. ನನ್ನನ್ನು ಇನ್‌ಸ್ಪೆಕ್ಷನ್‌ಗೆ ತಂದಿದ್ದರು. ಕೋಪ ಅರ್ಧ ಇಳಿಯಿತು, ಭಯ ಏರಿತು.

"ಇದು ನೋಡು," ಎಂದರು ಅಪ್ಪ. ಎರಡು ತಿಂಗಳ ಮೇಲೆ ಕೇಳಿದ ದನಿ. "ಈ ಆಟ ಗೆದ್ದಿದ್ದೀಯ. ಕೆಳಗೆ ತಪ್ಪು ಅಂತ ಬರ್ದಿದ್ದೀಯ. ಗೆದ್ದಿದ್ದು ತಪ್ಪು ಎಂಗಾಗ್ತದೆ?"

"ತಪ್ಪಾಗಿ ಆಡಿ ಗೆದ್ದೆ ಅಪ್ಪಾ. ಅದೃಷ್ಟ ಇತ್ತು, ಎಲೆ ಬಂತು. ನೂರು ಸಲ ಹಂಗೇ ಆಡಿದ್ರೆ ಎಂಬತ್ತು ಸಲ ಸೋಲ್ತೀನಿ."

"ದುಡ್ಡು ಬಂತಲ್ಲ?"

"ಬಂತು. ಅಳತೆ ತಪ್ಪಿದ ಪೀಸು ಹೆಂಗೋ ಮಿಷನ್‌ಗೆ ಕೂತ್ಕೊಂಡ್ರೆ ನೀನು ಪಾಸ್ ಮಾಡ್ತಿದ್ದೆಯಾ?"

ಅಪ್ಪ ಕನ್ನಡಕ ತೆಗೆದರು. ಪಂಚೆಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. "ಮಾಡ್ತಿರ್ಲಿಲ್ಲ," ಎಂದರು ಕೊನೆಗೆ. "ಅಂಗೆ ಪಾಸ್ ಮಾಡು ಅಂದ ಸಾಹೇಬ್ರ ಜೊತೆ ಜಗಳ ಆಡಿದ್ದೀನಿ."

ಅತ್ತೆ ಒಮ್ಮೆ ಅಣ್ಣನನ್ನು, ಒಮ್ಮೆ ನನ್ನನ್ನು ನೋಡಿ, "ಸರೋಯ್ತು, ಎಲ್ಡೂ ಒಂದೇ ಅಚ್ಚು," ಎಂದು ಗೊಣಗಿ ಒಲೆಯ ಕಡೆ ಹೋದರು.

ಊಟಕ್ಕೆ ಬಿಸಿ ಮುದ್ದೆ, ಹಿದುಕಿದ ಬೇಳೆ ಸಾರು. ಎರಡು ಮುದ್ದೆ ಇಳಿಸಿದೆ. ಇನ್ನು ಮುಂದೆ ಸಿಗುತ್ತದೋ ಇಲ್ಲವೋ ಎಂಬ ಆಸೆಬುರುಕತನ. ಕೈ ತೊಳೆದ ಮೇಲೆ ಧೈರ್ಯ ಮಾಡಿ ಕೇಳಿದೆ. "ಏನಂತೀಯ ಅಪ್ಪಾ? ಹೋಗ್ಲಾ, ಬೇಡ್ವಾ?"

"ಬಂಗಾರಪೇಟೇಲಿ ಉತ್ತರ ಏಳ್ತೀನಿ," ಎಂದು ಅಪ್ಪ ಚಪ್ಪಲಿ ಮೆಟ್ಟಿದರು.

ಆ ಒಂದು ಮಾತು ಹಿಡಿದುಕೊಂಡು ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತೆ. ಬೆಳಿಗ್ಗೆ ಬಂದ ದಾರಿಯಲ್ಲೇ ಕೆಜಿಎಫ್‌ಗೆ ಬಂದು, ಬಸ್ ಬದಲಿಸಿ, ಬಂಗಾರಪೇಟೆಯ ಕಡೆ ಹೊರಟೆವು. ಅಪ್ಪನಿಗೆ ಟಿಕೆಟ್, ನನಗೆ ಸೊನ್ನೆ. ಚಿನ್ನ ತೆಗೆದು ಬಿಸುಟ ಗಣಿಮಣ್ಣಿನ ಬೂದುಬಣ್ಣದ ಸೈನೈಡ್ ದಿಬ್ಬಗಳು ಕಿಟಕಿಯಲ್ಲಿ ಹಿಂದೆ ಸರಿದವು. ಅಪ್ಪ ಏಳನೆಯ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಲುಕಾಟದಲ್ಲೂ ಓದುತ್ತಿದ್ದರು. ಪಕ್ಕದ ಸೀಟಿನವರು ಮಗಳ ಪರೀಕ್ಷೆಯ ಪೇಪರಾ ಎಂದು ಕೇಳಿದರು. ಹೂಂ ಎಂದುಬಿಟ್ಟರು ಅಪ್ಪ.

ಬಂಗಾರಪೇಟೆ ನಿಲ್ದಾಣ ತಲುಪಿದಾಗ ಮೂರು ಗಂಟೆ. ಅಮ್ಮ ಸೂಟ್‌ಕೇಸಿನ ಮೇಲೆ ರಾಣಿಯ ಹಾಗೆ ಕೂತಿದ್ದಳು. ರೈಲು ನಲವತ್ತು ನಿಮಿಷ ತಡ. ಹೊರಗೆ ಹೋಗಿ ಮೂವರೂ ಪಾನಿಪುರಿ ತಿಂದೆವು. ನಮ್ಮ ಬಂಗಾರಪೇಟೆಯ ಪಾನಿಯ ಬಣ್ಣ ತಿಳಿನೀರಿನದು, ನೋಡಿದವರು ಏನೂ ಇಲ್ಲ ಅಂದುಕೊಳ್ಳುತ್ತಾರೆ, ಬಾಯಿಗಿಟ್ಟರೆ ಮೂಗಲ್ಲಿ ನೀರು. ಅಪ್ಪನ ಕಣ್ಣಲ್ಲೂ ನೀರಿತ್ತು. ಖಾರ ಎಂದರು. ನಾನು ಕೇಳಿರಲಿಲ್ಲ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಪ್ಪ ಏಳು ಪುಸ್ತಕಗಳನ್ನೂ ಜೋಡಿಸಿಟ್ಟರು. ಗಂಟಲು ಸರಿ ಮಾಡಿಕೊಂಡರು.

"ಪಾಸ್ ಮಾಡಕ್ಕಾಗಲ್ಲ."

ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಪೂರ್ತಿ ಕೇಳು. ರಿಜೆಕ್ಟ್ ಮಾಡೋಕೂ ಆಗಲ್ಲ. ಸಮಾಧಾನದಲ್ಲಿ ಆಡಿದ ಪುಟ ಎಲ್ಲ ಶುದ್ಧವಾಗವೆ. ದೊಡ್ಡದಾಗಿ ಸೋತ ಮೇಲೆ ಆಡಿದ್ದೀಯ ನೋಡು, ಅಲ್ಲಿ ನಿನ್ನ ಅಕ್ಷರನೇ ವಾಲ್ತದೆ. ವಾಲಿದ ಪುಟದಾಗೆಲ್ಲ ತಪ್ಪು. ಟೂಲು ಸವೆದ್ರೆ ಪೀಸು ಇಂಗೇ ಬರೋದು. ಟೂಲು ಸವೆದ ಮೇಲೂ ಮಿಷನ್ ಓಡಿಸ್ತೀಯ ನೀನು."

ನಾಲ್ಕು ವರ್ಷದಲ್ಲಿ ನನ್ನ ಆಟದ ರೋಗವನ್ನು ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಎಲೆಗಳ ಹೆಸರೂ ಸರಿಯಾಗಿ ಗೊತ್ತಿಲ್ಲದ ಮನುಷ್ಯ, ಅಕ್ಷರ ನೋಡಿ ಹಿಡಿದಿದ್ದರು.

"ಭಾನುವಾರ ಭಾನುವಾರ ಪುಟ ಕಳಿಸ್ಬೇಕು. ಯಾವ ಪುಟ ಅಂತ ನಾನು ಏಳ್ತೀನಿ. ನೀನು ಆರಿಸಂಗಿಲ್ಲ, ಎಲ್ರೂ ಒಳ್ಳೆ ಪೀಸ್‌ನೇ ಮೇಲಿಡ್ತಾರೆ. ಇನ್ನೊಂದು. ನಾನು ನಿಲ್ಸು ಅಂದ ದಿನ ನಿಲ್ಸಬೇಕು. ಒಂದು ವಾರ ಅಂದ್ರೆ ಒಂದು ವಾರ. ವಾಪಸ್ ಬಾ ಅಂದ್ರೆ ಬರಬೇಕು."

ಇದು ನನಗೆ ನುಂಗಲಾರದ ತುತ್ತು. ಯಾರ ಕೈಕೆಳಗೂ ಇರಬಾರದೆಂದೇ ಈ ಕೆಲಸ ಹಿಡಿದವಳು ನಾನು. "ಅದೇನು, ನೀನು ನನಗೆ ಫೋರ್‌ಮ್ಯಾನಾ?" ಎಂದೆ.

"ಅಲ್ಲ. ಇನ್‌ಸ್ಪೆಕ್ಟರು," ಎಂದರು ಅಪ್ಪ. "ನನ್ ಗೆಳೆಯಂಗೆ ನಿಲ್ಸು ಅನ್ನೋರು ಯಾರೂ ಇರ್ಲಿಲ್ಲ ಕಣಮ್ಮಿ. ನಾನೂ ಅನ್ಲಿಲ್ಲ. ಪಕ್ಕದ ಟೇಬಲ್‌ನಾಗೇ ಕೂತಿದ್ದೆ."

ಅಪ್ಪ ಹೀಗೆ ಎಂದೂ ಹೇಳಿಕೊಂಡವರಲ್ಲ. ಅಮ್ಮನೂ ಅವರ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ನನ್ನ ಮೇಲೆ ಹಾರಾಡಿದ ಕೋಪ ಪೂರ್ತಿ ನನ್ನ ಮೇಲಿನದಲ್ಲ, ತಮ್ಮ ಮೇಲಿನದೂ ಹೌದು ಎಂದು ಆಗ ತಿಳಿಯಿತು. ಅಳು ಒತ್ತಿಕೊಂಡು ಬಂತು. ತಡೆಯಲಿಲ್ಲ, ಅತ್ತುಬಿಟ್ಟೆ.

"ಆಯ್ತು. ನಿಲ್ಲಿಸು ಅಂದ ದಿನ ನಿಲ್ಲಿಸ್ತೀನಿ."

"ಅಂಗಾದ್ರೆ ಓಗು," ಎಂದರು ಅಪ್ಪ. ಪುಸ್ತಕಗಳನ್ನು ಅವರೇ ಸೂಟ್‌ಕೇಸಿನಲ್ಲಿ ಸ್ವೆಟರಿನ ನಡುವೆ ಇಟ್ಟು ಜಿಪ್ ಎಳೆದರು.

ರೈಲು ಬಂತು, ಎರಡೇ ನಿಮಿಷ ನಿಂತಿತು. ಅಮ್ಮ ಕಿಟಕಿಯಿಂದ ಬಾಳೆಹಣ್ಣು ತುರುಕಿ, ಚಳಿಗೆ ಕಿವಿ ಮುಚ್ಚಿಕೋ ಎಂದು ಮೂರು ಸಲ ಹೇಳಿದಳು. ಹೊರಟ ಮೇಲೆ ಬಾಗಿಲಿಗೆ ಬಂದು ಬಗ್ಗಿ ನೋಡಿದೆ. ಅಮ್ಮ ಕೈ ಬೀಸುತ್ತಿದ್ದಳು. ಅಪ್ಪ ಹಿಂದಕ್ಕೆ ಕೈಕಟ್ಟಿ ನಿಂತು, ಹಾದುಹೋಗುವ ಗಾಲಿಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಲ್ಲಿ ನನ್ನದು ನಾಲ್ಕನೆಯ ಮಹಡಿಯ ಒಂದು ಕೋಣೆ. ಕೆಳಗೆ ಬ್ರೆಡ್ ಸುಡುವವರ ಅಂಗಡಿ ಇದೆ, ಬೆಳಿಗ್ಗೆ ಬಿಸಿ ರೊಟ್ಟಿ ಸಿಗುತ್ತದೆ. ಆಟದ ಮೇಜಿಗೆ ಕಳ್ಳತನವಿಲ್ಲದೆ ಕೂರುತ್ತೇನೆ. ಎರಡನೆಯ ವಾರ ಅಪ್ಪ ಮೂರು ದಿನ ನಿಲ್ಲಿಸು ಅಂದರು. ಹಲ್ಲು ಕಚ್ಚಿಕೊಂಡು ನಿಲ್ಲಿಸಿ ಊರು ಸುತ್ತಿದೆ. ಕಳೆದ ಭಾನುವಾರ ಅವರು ಕೇಳಿದ್ದು ಐದು ಪುಟ. ನನ್ನ ಗ್ರಹಚಾರಕ್ಕೆ ಅದರಲ್ಲೊಂದು ಆ ತಿಂಗಳಲ್ಲೇ ಅತಿ ದೊಡ್ಡ ಸೋಲಿನ ಪುಟ. ಕಳಿಸದೆ ಇರುವ ಹಾಗಿರಲಿಲ್ಲ, ಕಳಿಸಿದೆ. ಸಂಜೆ, ಅಪ್ಪ ಪ್ರಿಂಟ್ ತೆಗೆಸಿದ ಆ ಪುಟದ ಫೋಟೋ ಹಿಂತಿರುಗಿ ಬಂತು. ಕೆಳಗೆ ಅಪ್ಪನ ಕೈಬರಹ, ಕೆಂಪು ಪೆನ್ಸಿಲ್ಲಿನಲ್ಲಿ.

"ಸೋತಿದ್ದೀಯ. ಸರಿಯಾಗಿ ಆಡಿದ್ದೀಯ. ಪಾಸ್."